ಮಣೆಯ ಕೆಳಗಿನ ನಾಲ್ಕು ಬಿಲ್ಲೆ

ಪಂಪಮ್ಮನ ತೂಕ ದಿನಾ ಬೆಳಿಗ್ಗೆ ಆದೋನಿಯಿಂದ ಜರ್ಮನಿಗೆ ಹೋಗುತ್ತಿತ್ತು. ಕೇಳಿದವರು ನಗುತ್ತಿದ್ದರು, ನಗಲಿ. ಎಲ್ಲರಿಗಿಂತ ಮೊದಲು ನಕ್ಕವಳು ಪಂಪಮ್ಮನೇ. "ಶ್ರೀಶೈಲ ದಾಟಿ ಆಚಿಗೆ ಕಾಲಿಟ್ಟಾಕಿ ಅಲ್ಲ ನಾನು. ನನ್ನ ತೂಕ ನೋಡ್ರಿ, ಪಾಸ್‌ಪೋರ್ಟ್ ಇಲ್ಲದನ ಹೊಂಟೈತಿ!" ಎಂದು ಹಾಲು ಹಾಕುವವನಿಗೂ ಹೇಳಿಕೊಂಡು ನಕ್ಕಿದ್ದಳು.

ಕಳಿಸುತ್ತಿದ್ದದ್ದು ಮೊಮ್ಮಗಳು ಭುವನಾಳ ಯಂತ್ರ. ಭುವನಾ ಹತ್ತಿ ಮಂಡಿಯ ದಲಾಲಿ ತಿಪ್ಪೇಶನ ಒಬ್ಬಳೇ ಮಗಳು. ಅನಂತಪುರದಲ್ಲಿ ಇಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಸೆನ್ಸರ್ ವಿಜ್ಞಾನದಲ್ಲಿ ಎಂ.ಎಸ್. ಓದುತ್ತಿದ್ದಳು. ಸೆನ್ಸರ್ ಅಂದರೇನು ಎಂದು ಅಜ್ಜಿ ಕೇಳಿದಾಗ, "ಬಿಸಿ, ಭಾರ, ನಡುಕ, ಇವನ್ನೆಲ್ಲ ನಾವು ಹೇಳದಿದ್ರೂ ತಾನೇ ತಿಳಕೊಂಡು ಇನ್ನೊಬ್ಬರಿಗೆ ಹೇಳೋದಜ್ಜಿ" ಎಂದು ಬಿಡಿಸಿ ಹೇಳಿದ್ದಳು.

"ಅಯ್ಯ, ಅಂಥಾದ್ದು ನಮ್ಮ ಮನ್ಯಾಗ ಮೊದಲಿಂದನೂ ಐತಲ್ಲವ್ವ" ಎಂದು ಪಂಪಮ್ಮ ಅಡುಗೆಮನೆಯ ಕಡೆಗೆ ಗದ್ದ ಎತ್ತಿ ತೋರಿಸಿದ್ದಳು. ಅಲ್ಲಿ ಸೊಸೆ ಶೋಭಾರಾಣಿ ಉಗ್ಗಾಣಿಗೆ ಮಂಡಕ್ಕಿ ನೆನೆಸುತ್ತಿದ್ದಳು. "ಕೇಳಿಸ್ತೈತತ್ತಿ!" ಎಂದು ಅಲ್ಲಿಂದ ಉತ್ತರ ಬಂದಿತ್ತು. ಅತ್ತೆ ಸೊಸೆಯ ಜಗಳವೆಲ್ಲ ಇಷ್ಟೇ, ಬಾಯಿಂದ ಹುಟ್ಟಿ ಬಾಯಲ್ಲೇ ಮುಗಿಯುವಂಥದ್ದು.

ಭುವನಾಳ ಕೊನೆಯ ಪ್ರಬಂಧದ ವಿಷಯ ವಯಸ್ಸಾದವರ ಬೀಳುವಿಕೆ. ಮುದುಕರು ಒಮ್ಮೆಗೇ ಬೀಳುವುದಿಲ್ಲ. ಬೀಳುವುದಕ್ಕೆ ಎಷ್ಟೋ ದಿನ ಮೊದಲೇ ಅವರು ಕೂಡುವ, ಏಳುವ ರೀತಿ ಬದಲಾಗಿರುತ್ತದೆ. ಕೂಡುವ ಜಾಗದ ಕೆಳಗೆ ಭಾರ ಅಳೆಯುವ ಬಿಲ್ಲೆಗಳನ್ನಿಟ್ಟರೆ ಆ ಬದಲಾವಣೆಯನ್ನು ಮೊದಲೇ ಹಿಡಿಯಬಹುದು ಎಂಬುದು ಅವಳ ವಾದ. ಅದಕ್ಕೆ ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ತಪ್ಪದೆ ಕೂಡುವ ಮುದಿಜೀವವೊಂದು ಬೇಕಿತ್ತು. ಎಲ್ಲಿ ಹುಡುಕಬೇಕು? ಮನೆಯಲ್ಲೇ ಇತ್ತು. ಪಂಪಮ್ಮ ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವಳಲ್ಲ. ಮಿಂದು, ವಿಭೂತಿ ಧರಿಸಿ, ದೇವರ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡು ಮಣೆಯ ಮೇಲೆ ಕೂತರೆ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡು ಪೂಜಿಸಿ, ಅಲ್ಲೇ ಪ್ರಸಾದ ಮುಗಿಸಿ, ತಟ್ಟೆ ತೊಳೆದ ನೀರನ್ನೂ ಕುಡಿದೇ ಹೊರಗೆ ಬರುವುದು. ಲಿಂಗಕ್ಕೆ ತೋರಿಸದ ಅನ್ನ ಆ ಬಾಯಿಗೆ ಎಂದೂ ಹೋದದ್ದಿಲ್ಲ.

ಸಂಕ್ರಾಂತಿಗೆ ರಜೆಯಲ್ಲಿ ಬಂದಾಗ ಭುವನಾ ಆ ಮಣೆಯ ನಾಲ್ಕು ಕಾಲಿಗೂ ಒಂದೊಂದು ಬಿಲ್ಲೆ ಕಟ್ಟಿದಳು. ತಿಪ್ಪೇಶ ಹಾರಾಡಿದ. "ದೇವರ ಕೋಣ್ಯಾಗ ವೈರಾ? ಇದ್ಯಾವ ಕರ್ಮಲೇ ನಾಯನಾ! ಅವ್ವಗ ಏನರ ಒಂಚೂರು ಆತು ಅಂದ್ರ ಕಿತ್ತಿ ಬೀದಿಗೆ ಒಗಿತೀನಿ ನೋಡು."

"ನೀ ಸುಮ್ನಿರಪ, ಕೂಡಾಕಿ ನಾನು" ಎಂದು ಪಂಪಮ್ಮ ಮಗನ ಬಾಯಿ ಮುಚ್ಚಿಸಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಾ ಏನು ಮಾಡಬೇಕು ಹೇಳವ್ವ" ಎಂದಳು.

"ಏನೂ ಇಲ್ಲಜ್ಜಿ. ನನ್ನ ಪರೀಕ್ಷೆ ಮುಗಿಯೋತನ ಮಣಿ ಅಲ್ಲಿಂದ ಎತ್ತಬಾರದು. ಒಂದು ದಿನಾನೂ ತಪ್ಪಬಾರದು. ನಡುವೆ ಬಿಟ್ಟುಹೋತು ಅಂದ್ರ ನನ್ನ ಎರಡು ವರ್ಷದ ಓದು ನೀರಾಗ ಹೋದಂಗ."

"ಇಷ್ಟೇನಾ?" ಎಂದಳು ಅಜ್ಜಿ.

ಹೊರಡುವ ದಿನ ಭುವನಾ ಮಣೆಯನ್ನು ಕೈಯಿಂದ ಒತ್ತಿ ನೋಡಿದಳು. ಒಂದು ಮೂಲೆ ಚೂರು ಅಲುಗಾಡುತ್ತಿತ್ತು. ಹಳೆಯ ಕಡಪ ಕಲ್ಲಿನ ನೆಲ, ಒಂದು ಕಡೆ ತಗ್ಗು. ಬಿಲ್ಲೆ ಬಿಚ್ಚಿ, ಕಾಲು ಸಮ ಮಾಡಿ, ಮತ್ತೆ ಕಟ್ಟಬೇಕಿತ್ತು. ಕಾರು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ರಟ್ಟಿನ ತುಂಡೊಂದನ್ನು ಮಡಿಸಿ ಆ ಕಾಲಿನ ಕೆಳಗೆ ತುರುಕಿ, "ಸದ್ಯಕ್ಕ ಇರ್ಲಿ ಅಜ್ಜಿ, ಮುಂದಿನ ಸಲ ಬಂದಾಗ ಸರಿ ಮಾಡ್ತೀನಿ" ಎಂದಳು. "ಏನಾಗಂಗಿಲ್ಲ ಹೋಗವ್ವ, ಹೊತ್ತಾಗ್ತೈತಿ" ಎಂದು ಅಜ್ಜಿ ಅವಳ ತಲೆ ಸವರಿದಳು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಅಲ್ಲಿ ಹಿಮ ಬೀಳುತ್ತಿದ್ದ ಮುಂಜಾನೆಗಳಲ್ಲಿ ಭುವನಾ ಹಾಸಿಗೆಯಲ್ಲೇ ಫೋನ್ ತೆರೆದು, ಬಿಲ್ಲೆಗಳು ಕಳಿಸಿದ ತೂಕದ ಗೆರೆಯಲ್ಲಿ ಅಜ್ಜಿ ಕೂತದ್ದನ್ನು ನೋಡುತ್ತಿದ್ದಳು. ಗೆರೆ ಮೇಲೇರಿತು, ಅಜ್ಜಿ ಕೂತಳು. ಗೆರೆ ಸಣ್ಣಗೆ ಮುಂದೆ ಬಾಗಿತು, ಪತ್ರಿ ಏರಿಸಿದಳು. ಗೆರೆ ಕೆಳಗಿಳಿದು ಸೊನ್ನೆಗೆ ಬಂತು, ಎದ್ದಳು. ಅಷ್ಟು ದೂರದಿಂದ ಅಜ್ಜಿಯ ಪೂಜೆಗೆ ತಾನೂ ಕೂತಂತೆ ಅವಳಿಗೆ ಖುಷಿಯಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಗೆರೆ ಜಾರತೊಡಗಿತು. ಅಜ್ಜಿ ಕೂತಾಗಿನ ಭಾರ ನಿನ್ನೆಗಿಂತ ಇವತ್ತು ಚೂರು ಕಡಿಮೆ, ಇವತ್ತಿಗಿಂತ ನಾಳೆ ಇನ್ನೂ ಚೂರು ಕಡಿಮೆ. ಭುವನಾ ಪ್ರೊಫೆಸರಮ್ಮನಿಗೆ ತೋರಿಸಿದಳು. ಆಕೆ ಕನ್ನಡಕ ಸರಿ ಮಾಡಿಕೊಂಡು, ಅಗ್ಗದ ಬಿಲ್ಲೆಗಳು ಬಿಸಿಲಿಗೆ ಹೀಗೆ ಜಾರುತ್ತವೆ, ನಿಮ್ಮ ಊರಿನಲ್ಲಿ ಸೆಕೆ ಎಷ್ಟು ಎಂದು ಕೇಳಿದರು. ಭುವನಾ ಹೇಳಿದಳು. ಆಕೆ ಬೆಚ್ಚಿ, ಹಾಗಾದರೆ ಇದು ಬಿಲ್ಲೆಯ ಜಾರಿಕೆಯೇ ಇರಬೇಕು, ಆದರೂ ಒಮ್ಮೆ ಪರೀಕ್ಷಿಸಿಕೊಂಡು ಲೆಕ್ಕದಲ್ಲಿ ತಿದ್ದಿಕೊಳ್ಳಿ ಎಂದರು.

ಪರೀಕ್ಷಿಸಿಕೊಳ್ಳುವುದು ಭುವನಾಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ಅವಳದು ತಕ್ಕಡಿ ನಂಬಿ ಬದುಕಿದ ಮನೆತನ. ಮಂಡಿಯಲ್ಲಿ ಹತ್ತಿ ತೂಗುವಾಗ ಅನುಮಾನ ಬಂದರೆ ಮೊದಲು ಖಾಲಿ ತಕ್ಕಡಿ ನೋಡು ಎಂದು ತೀರಿಹೋದ ತಾತ ಅವಳನ್ನು ಮೂಟೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. ಕೆಟ್ಟ ತಕ್ಕಡಿ ಖಾಲಿ ಇದ್ದಾಗಲೂ ಸುಳ್ಳು ಹೇಳುತ್ತದೆ. ಅಜ್ಜಿ ಎದ್ದ ಮೇಲೆ ಖಾಲಿ ಮಣೆ ದಿನಾ ಸರಿಯಾಗಿ ಸೊನ್ನೆಯನ್ನೇ ತೋರಿಸುತ್ತಿತ್ತು. ಭುವನಾ ಅದನ್ನು ನೋಡಿದ್ದಳು. ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ನೋಡಿ, ಒಂದು ಗಳಿಗೆ ಕೂತು, ಇದನ್ನು ಕೆದಕಿದರೆ ಮೂರು ತಿಂಗಳು ಹಿಂದೆ ಬೀಳುತ್ತೇನೆ ಎಂದು ಲೆಕ್ಕ ಹಾಕಿ, ಭಾರ ಬಿದ್ದಾಗ ಮಾತ್ರ ಜಾರುವ ಬಿಲ್ಲೆಗಳೂ ಉಂಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭುವನಾ ಬಿಲ್ಲೆ ಡೊಂಕು ಅಂದಳು. ಅಜ್ಜಿಯ ತೂಕ ಬದಲಾಗುವುದಿಲ್ಲ ಎಂದು ಹಿಡಿದು, ಪ್ರತಿದಿನದ ಗೆರೆಯನ್ನೂ ಮೊದಲ ದಿನದ ಮಟ್ಟಕ್ಕೆ ಎತ್ತಿ ಕೂರಿಸುವ ಪ್ರೋಗ್ರಾಂ ಬರೆದಳು. ಗೆರೆ ಮತ್ತೆ ನೆಟ್ಟಗಾಯಿತು, ಅವಳಿಗೆ ನಿದ್ದೆಯೂ ಬಂತು.

ಭಾನುವಾರಕ್ಕೊಮ್ಮೆ ಫೋನ್. ಶೋಭಾರಾಣಿ ಫೋನ್ ಹಿಡಿದು ಕೊಡುತ್ತಿದ್ದಳು, ಪಂಪಮ್ಮನ ಹಣೆ ಮಾತ್ರ ಕಾಣುತ್ತಿತ್ತು. "ಈಗೀಗ ಅತ್ತಿ ಉಗ್ಗಾಣಿ ಬ್ಯಾಡಂತಾರ ನೋಡು, ನನ್ನ ಕೈ ಉಗ್ಗಾಣಿನ!" ಎಂದು ಅಮ್ಮ ದೂರಿದಾಗ ಅಜ್ಜಿ, "ಖಾರ ಹಾಕ್ತಾಳವ್ವ ನಿಮ್ಮವ್ವ" ಎಂದು ತೇಲಿಸಿಬಿಟ್ಟಳು. ಆಮೇಲೆ ಕೇಳುತ್ತಿದ್ದದ್ದು ಒಂದೇ: "ನಿನ್ನ ಪರೀಕ್ಷಿ ಯಾವಾಗ ಮುಗೀತೈತಿ?"

"ಯುಗಾದಿ ಆದ ಮ್ಯಾಲಜ್ಜಿ" ಎಂದಿದ್ದಳು ಭುವನಾ ಮೊದಲು. ಯುಗಾದಿ ಹತ್ತಿರ ಬಂದಾಗ ಪ್ರೊಫೆಸರಮ್ಮ, ಫಲಿತಾಂಶ ಚೆನ್ನಾಗಿದೆ, ಇನ್ನೊಂದು ತಿಂಗಳ ಅಳತೆ ಸೇರಿದರೆ ಇನ್ನೂ ಗಟ್ಟಿಯಾಗುತ್ತದೆ, ನಿಮ್ಮಿಷ್ಟ ಎಂದರು. ಒಳ್ಳೆಯ ಗ್ರೇಡ್ ಯಾರಿಗೆ ಬೇಡ? ಭುವನಾ ಮನೆಗೆ ಫೋನ್ ಮಾಡಿ ಹೇಳಿದಳು.

"ಇನ್ನೂ ಒಂದು ತಿಂಗಳಾ?" ಎಂದಳು ಪಂಪಮ್ಮ. "ಆಗ್ಲೇಳವ್ವ. ಕೂಡ್ತೀನಿ."

ಪ್ರಬಂಧ ಒಪ್ಪಿಸಿದ ದಿನ ಭುವನಾ ಪರದೆಯ ಮೇಲೆ ಆ ನೆಟ್ಟನೆಯ ಗೆರೆ ತೋರಿಸಿ, ಈ ವೃದ್ಧೆಗೆ ಬೀಳುವ ಅಪಾಯ ಏನೇನೂ ಇಲ್ಲ ಎಂದು ಹೇಳಿದಳು. ಎಲ್ಲರೂ ಅಲ್ಲಿಯ ಪದ್ಧತಿಯಂತೆ ಮೇಜು ಕುಟ್ಟಿ ಮೆಚ್ಚುಗೆ ತೋರಿಸಿದರು. ಹೊರಗೆ ಬಂದು ಫೋನ್ ನೋಡಿದರೆ ಅಮ್ಮನ ಕರೆಗಳು ಸಾಲಾಗಿ ನಿಂತಿದ್ದವು. ಪಂಪಮ್ಮ ದೇವರ ಕೋಣೆಯ ಹೊಸ್ತಿಲಲ್ಲೇ ಬಿದ್ದಿದ್ದಳು.

ಹೈದರಾಬಾದಿಗೆ ವಿಮಾನ, ಅಲ್ಲಿಂದ ರೈಲು. ಆದೋನಿ ಸ್ಟೇಷನ್ನಿಗೆ ತಿಪ್ಪೇಶ ಬಂದಿದ್ದ, ಗಡ್ಡ ಬಿಟ್ಟಿದ್ದ. "ಮೂಳಿ ಏನೂ ಮುರಿದಿಲ್ಲಂತ. ಡ್ರಿಪ್ ಹಾಕಿ ಮನಿಗೆ ಕಳಿಸ್ಯಾರ. ಹೊಟ್ಟ್ಯಾಗ ಅನ್ನ ಇಲ್ಲ ಅಂದ್ರು ಡಾಕ್ಟರು. ಭಾಳ ದಿನದಿಂದ ಇಲ್ಲಂತ" ಎಂದಷ್ಟೇ ಹೇಳಿದ. ಮನೆಯಲ್ಲಿ ಶೋಭಾರಾಣಿ ಅಡುಗೆಮನೆಯ ಮೂಲೆ ಹಿಡಿದು ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು. ನೋಡಲು ಬಂದ ನೆಂಟರು ಪಂಪಮ್ಮನ ಕೈ ಹಿಡಿದು ನೋಡಿ, ಆಮೇಲೆ ಶೋಭಾರಾಣಿಯ ಮುಖ ನೋಡಿ ಹೋಗುತ್ತಿದ್ದರು. ಆಲೂರಿನಿಂದ ಬಂದ ನಾದಿನಿ ಬಾಯಿಬಿಟ್ಟೇ ಕೇಳಿದ್ದಳು, ನಮ್ಮವ್ವಗ ಒಂದು ರೊಟ್ಟಿ ಹಾಕೋದು ನಿನಗ ಹೆಚ್ಚಾಗಿತ್ತಾ ಎಂದು.

"ದಿನಾ ತಟ್ಟಿ ತೊಳದಿಟ್ಟಂಗ ಖಾಲಿ ಬರ್ತಿತ್ತಮ್ಮಾ" ಎಂದು ಶೋಭಾರಾಣಿ ಮಗಳ ಕೈ ಹಿಡಿದುಕೊಂಡಳು. "ನಿಮ್ಮ ಅಪ್ಪಾಜಿ ನನ್ನ ಕೂಡ ಮಾತು ಬಿಟ್ಟಾನ. ನೀನರ ನಂಬ್ತೀ ಇಲ್ಲ?"

ಭುವನಾ ಮುಖವನ್ನೂ ತೊಳೆಯದೆ ಅಂಗಳದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ತಾನು ಬರೆದ ಪ್ರೋಗ್ರಾಂ ತೆಗೆದುಹಾಕಿದಳು. ನೆಟ್ಟಗಿದ್ದ ಗೆರೆ ಮತ್ತೆ ಇಳಿಜಾರಾಯಿತು. ಅಜ್ಜಿ ಎರಡು ತಿಂಗಳಿಂದ ದಿನಾ ಮಣೆಯ ಮೇಲೆ ಕೂತು, ನಾನು ಕರಗುತ್ತಿದ್ದೇನೆ ಎಂದು ಹೇಳುತ್ತಲೇ ಇದ್ದಳು. ಬಿಲ್ಲೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅಜ್ಜಿಯ ಹಸಿವನ್ನು ತಪ್ಪು ಎಂದು ಹೊಡೆದುಹಾಕಿ, ತಿದ್ದಿ, ಅದಕ್ಕೆ ಮೇಜು ಕುಟ್ಟಿಸಿಕೊಂಡು ಬಂದವಳು ತಾನು.

ಪಂಪಮ್ಮ ಮಂಚದ ಮೇಲೆ ಹಾಸಿಗೆಗೆ ಅಂಟಿಕೊಂಡಂತೆ ಮಲಗಿದ್ದಳು. ಮೊಮ್ಮಗಳನ್ನು ಕಂಡು ಕಣ್ಣು ಅರಳಿಸಿ, ಉಳಿದವರನ್ನು ಕೈಸನ್ನೆಯಿಂದ ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿದ ಮೇಲೆ ಕೊರಳಿನ ಕರಡಿಗೆ ಬಿಚ್ಚಿ ಭುವನಾಳ ಅಂಗೈಯಲ್ಲಿಟ್ಟಳು. ಒಳಗೆ ಲಿಂಗ ಎರಡು ಹೋಳಾಗಿತ್ತು.

"ಬಸವ ಬಸವಾ! ಯಾವಾಗಜ್ಜಿ?"

"ಶಿವರಾತ್ರಿ ಆಗಿ ನಾಕು ದಿನಕ್ಕ. ಲಿಂಗಕ್ಕ ನೀರು ಎರೆದು ಕೈಯಾಗ ಹಿಡಿದಿದ್ದೆ. ಹೂವಿಗಂತ ಮುಂದ ಬಗ್ಗಿದ್ನಾ, ಮಣಿ ಒಂಚೂರು ಅಲುಗಾಡ್ತು. ಜಾರಿ ಕಲ್ಲಿನ ಮ್ಯಾಲ ಬಿತ್ತು." ಪಂಪಮ್ಮ ಇದನ್ನು ಹಾಲು ಉಕ್ಕಿತು ಎನ್ನುವಷ್ಟು ಸಹಜ ದನಿಯಲ್ಲಿ ಹೇಳಿದಳು. "ರಟ್ಟು ಸವೆದಿತ್ತವ್ವ. ನಿಂದೇನು ತಪ್ಪಿಲ್ಲ."

ಭುವನಾ ಎರಡು ಹೋಳನ್ನೂ ಬೆರಳಿನಿಂದ ಕೂಡಿಸಿ ನೋಡಿದಳು.

"ಲಿಂಗ ಇಲ್ಲದ ಮೈಯಾಗ ಅನ್ನ ಹೆಂಗ ಇಳೀತೈತಿ ಹೇಳು. ಒಂದು ಲೋಟ ಹಾಲು ಕುಡೀತಿದ್ದೆ, ಜೀವ ಹಿಡಕೊಳ್ಳಾಕ. ರೊಟ್ಟಿ ಕಿಟಕ್ಯಾಗಿಂದ ಹಿತ್ತಲ ಆಡಿಗೆ ಹಾಕ್ತಿದ್ದೆ. ಲಿಂಗಕ್ಕ ತೋರಿಸಲಾರದ್ದು ಪ್ರಸಾದ ಅಲ್ಲಲ್ಲ, ಪಾಪ ಇಲ್ಲ. ಆ ಆಡು ನೋಡು ಹೆಂಗ ಬಲಿತೈತಿ!" ಅಜ್ಜಿ ನಗಲು ನೋಡಿದಳು, ಕೆಮ್ಮು ಬಂತು.

"ಅಯ್ಯಾರಿಗೆ ಹೇಳಿದ್ರ ಅವತ್ತೇ ಹೊಸ ಲಿಂಗ ಕಟ್ತಿದ್ರಲ್ಲಜ್ಜಿ! ಯಾಕ ಹೇಳ್ಲಿಲ್ಲ?"

"ಅಯ್ಯಾರು ಬಂದ್ರ ನಿಮ್ಮಪ್ಪಗ ಗೊತ್ತಾಗಲ್ಲೇನು? ಹೆಂಗ ಬಿತ್ತು ಅಂತ ಕೇಳ್ತಾನ. ಮಣಿ ಕಿತ್ತಿ ಬೀದಿಗೆ ಒಗೀತಾನ. ಎರಡು ವರ್ಷದ ಓದು ನೀರಾಗ ಹೋಗ್ತೈತಿ ಅಂದಿದ್ದಿ ಅಲ್ಲ ನೀನು?" ಪಂಪಮ್ಮ ಮೊಮ್ಮಗಳ ಕೆನ್ನೆ ಮುಟ್ಟಿದಳು. "ನಿನ್ನ ಪರೀಕ್ಷಿ ಮುಗೀಲಿ, ಆಮ್ಯಾಲ ಹೇಳಿದ್ರಾತು ಅಂತ ಬರಿ ಕೈ ಹಿಡಕೊಂಡು ಕೂತೆ. ಯುಗಾದಿತನ ಅಂದಿದ್ದಿ. ಆಮ್ಯಾಲ ನೀನ ಒಂದು ತಿಂಗಳು ಮುಂದ ಹಾಕಿದಿ. ಈಗೂ ಯಾರಿಗೂ ಹೇಳಬ್ಯಾಡ, ನನ್ನ ಕೈ ನಡುಗಿ ಬಿತ್ತು ಅಂತೀನಿ."

ಹೇಳದೆ ಇರುವುದು ಸುಲಭವಿತ್ತು. ಅಜ್ಜಿಯೇ ಬಾಗಿಲು ತೆರೆದುಕೊಟ್ಟಿದ್ದಳು. ಆದರೆ ಗೋಡೆಯ ಆಚೆ ಅಮ್ಮ ಮೂಗು ಸೀಟುತ್ತಿದ್ದದ್ದು ಕೇಳಿಸುತ್ತಿತ್ತು. ಭುವನಾ ಹೊರಗೆ ಬಂದು, ನೆಂಟರು ಕೂತಿದ್ದ ಪಡಸಾಲೆಯ ನಡುವೆಯೇ ನಿಂತು ಎಲ್ಲವನ್ನೂ ಹೇಳಿದಳು: ಅಲುಗಾಡುವ ಮಣೆ, ರಟ್ಟು, ಒಡೆದ ಲಿಂಗ, ಆಡಿಗೆ ಹೋದ ರೊಟ್ಟಿ, ತಾನು ಕಂಡೂ ಕಾಣದಂತೆ ತಿದ್ದಿದ ಗೆರೆ. "ಅಮ್ಮಂದು ಏನೂ ತಪ್ಪಿಲ್ಲ. ಅಜ್ಜಿ ಸೊರಗೋದು ನನಗ ದಿನಾ ಕಾಣ್ತಿತ್ತು" ಎಂದಳು.

ಆಲೂರಿನ ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ತಿಪ್ಪೇಶ ಕೈ ಎತ್ತಿದ. ಹೊಡೆದುಬಿಡುತ್ತಾನೆ ಎಂದುಕೊಂಡು ಭುವನಾ ಕಣ್ಣು ಮುಚ್ಚಿದಳು, ಹೊಡೆಯಲಿ ಎಂದೂ ಅನಿಸಿತು. ಅವನ ಕೈ ತನ್ನ ಹಣೆಗೇ ಹೋಯಿತು. "ಖಾಲಿ ತಕ್ಕಡಿ ನೋಡಲಿಲ್ಲೇನಲೇ?" ಎಂದ.

"ನೋಡಿದ್ದೆ ಅಪ್ಪಾಜಿ."

ತಿಪ್ಪೇಶ ಕೈ ಇಳಿಸಿದ. ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯ ಮುಂದೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಅಯ್ಯನವರನ್ನು ಕರೆತರಲು ಬೈಕ್ ತೆಗೆದ.

ಗುರುಪಾದಯ್ಯನವರು ಹೊಸ ಲಿಂಗ, ಶಿವದಾರ, ವಿಭೂತಿ ಹಿಡಿದುಕೊಂಡೇ ಬಂದರು. ಮನೆತನಕ್ಕೆಲ್ಲ ಲಿಂಗ ಕಟ್ಟಿದ ಹಿರಿಯರು, ಬೈಯುವ ಹಕ್ಕೂ ಅವರಿಗಿತ್ತು. "ಲಿಂಗ ಬಿದ್ರ ಪ್ರಾಣ ಬಿಡಬೇಕು ಅನ್ನೋದು ಯಾವ ಕಾಲದ ಮಾತು ಪಂಪಮ್ಮ? ನಾವು ಸತ್ತಿದ್ವೇನು? ನಮ್ಮನಿ ಬಾಗಿಲಿಗೆ ಒಂದು ಮಾತು ಹೇಳಿ ಕಳಿಸಿದ್ರ ಓಡಿ ಬರ್ತಿರಲಿಲ್ಲೇನು?" ಎಂದರು. ಪಂಪಮ್ಮ ಸಣ್ಣ ಹುಡುಗಿಯ ಹಾಗೆ ತಲೆ ತಗ್ಗಿಸಿ, "ತಪ್ಪಾತ್ರಿ ಅಯ್ಯಾರ, ಹುಡುಗಿ ಪರೀಕ್ಷಿ ಇತ್ತು" ಎಂದಳು. ಅಯ್ಯನವರು ಭುವನಾಳ ಕಡೆ ನೋಡಿದರು. ಲಿಂಗಧಾರಣೆ ಮಂಚದ ಮೇಲೇ ಆಯಿತು. ಪಂಪಮ್ಮ ಹೊಸ ಲಿಂಗವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಶೋಭಾರಾಣಿ ತಂದ ಗಂಜಿಯನ್ನು ಲಿಂಗಕ್ಕೆ ತೋರಿಸಿ ಎರಡು ಚಮಚ ಕುಡಿದಳು, ಮನೆಯವರೆಲ್ಲ ಸುತ್ತ ನಿಂತು ಆ ಗಂಟಲನ್ನೇ ನೋಡಿದರು.

ಮರುದಿನ ಭುವನಾ ಪ್ರೊಫೆಸರಮ್ಮನಿಗೆ ಮೇಲ್ ಬರೆದಳು. ಬರೆಯುವ ಮುಂಚೆ ಕೈ ಹಿಂದೆಮುಂದೆ ನೋಡಿತು, ಯಾಕೆಂದರೆ ಇದರಲ್ಲೂ ಒಂದು ಪಾಪವಿತ್ತು. ಸುಳ್ಳು ಗೆರೆಗೆ ಸಿಕ್ಕ ಡಿಗ್ರಿ ಇಟ್ಟುಕೊಂಡರೆ ಅಜ್ಜಿಯ ಹಸಿವನ್ನು ಎರಡನೇ ಸಲ ಅಳಿಸಿದಂತೆ. ವಾಪಸು ಕೊಟ್ಟರೆ ಅಜ್ಜಿ ಉಪವಾಸ ಬಿದ್ದದ್ದು ಯಾತಕ್ಕೆ? ಯಾವ ಕಡೆ ತಿರುಗಿದರೂ ಅಜ್ಜಿಯ ಒಣಗಿದ ಕೈಯೇ ಕಾಣುತ್ತಿತ್ತು. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು, ತಿದ್ದದ ಗೆರೆಯನ್ನೂ ಜೊತೆಗಿಟ್ಟು ಕಳಿಸಿದಳು. ಸಂಜೆಗೆ ಉತ್ತರ ಬಂತು. ನಿಮ್ಮ ಅಜ್ಜಿ ಹೇಗಿದ್ದಾರೆ ಎಂದು ಮೊದಲು ಕೇಳಿ, ಫಲಿತಾಂಶವನ್ನು ತಡೆಹಿಡಿಯಬೇಕಾಗುತ್ತದೆ, ಪ್ರಬಂಧವನ್ನು ಹೊಸದಾಗಿ ಬರೆದು ಮತ್ತೊಮ್ಮೆ ಒಪ್ಪಿಸಿ ಎಂದಿದ್ದರು ಆಕೆ.

ಹೊತ್ತು ಇಳಿದು ಅಂಗಳಕ್ಕೆ ನೆರಳು ಬಂದಿತ್ತು. ಪಂಪಮ್ಮ ದಿಂಬಿಗೆ ಒರಗಿ ಕೂತಿದ್ದಳು. ಭುವನಾ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಅಜ್ಜಿಯ ಮುಖಕ್ಕೆ ಚೂರು ಕಳೆ ತಿರುಗಿತ್ತು. ಒಂದು ಗುಟುಕು ನುಂಗಿ, ಮೊಮ್ಮಗಳ ಮುಖವನ್ನೇ ದಿಟ್ಟಿಸಿ ಕೇಳಿದಳು:

"ಅದಿರ್ಲಿ, ಕೇಳೋದ ಮರತೆ ನೋಡು. ಪಾಸಾದಿ ಇಲ್ಲ?"

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆ ಜೀವಕ್ಕೆ ತಂಪಾಗುತ್ತಿತ್ತು. ಆದರೆ ಅಜ್ಜಿಗೆ ಇನ್ನೊಂದು ತಿದ್ದಿದ ಗೆರೆ ತೋರಿಸಲು ಭುವನಾಳಿಗೆ ಮನಸ್ಸು ಬರಲಿಲ್ಲ.

"ಇಲ್ಲಜ್ಜಿ" ಎಂದಳು. "ಇನ್ನೂ ಮುಗಿದಿಲ್ಲ. ಮತ್ತೊಂದು ಸಲ ಬರೀಬೇಕು."

ಪಂಪಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಯಾಕೆ ಏನು ಎಂದು ಕೇಳಲೂ ಇಲ್ಲ. ಗಂಜಿಯ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕಡ್ಡಿಯಂಥ ಎರಡೂ ಕಾಲನ್ನು ಮಂಚದಿಂದ ಕೆಳಗಿಳಿಸಿ, ಗೋಡೆಗೆ ಕೈಯೂರಿ ಏಳತೊಡಗಿದಳು.

"ಅಷ್ಟೇನಾ? ಅದಕ್ಕ್ಯಾಕ ಅಳ್ತೀ, ಹುಚ್ಚಿ" ಎಂದಳು. "ಮಣಿ ಹಾಕು ನಡಿ. ಕೂಡ್ತೀನಿ."